ಜಾರುವ ಯುಕುಲೇಲೆ ಜಾರಿಗೆ ಬಂದ ಬಗ್ಗೆ

ಇಂದ:
ಹಿರಿಯ ಸಹಾಯಕಿ, ಲೆಕ್ಕಪತ್ರ ಶಾಖೆ
(ಬೆನ್ನ ಹಿಂದೆ ‘ಆಕ್ಷೇಪಣೆ ಮೇಡಂ’ ಎಂದು ಕರೆಯಲ್ಪಡುವವರು)
ಮೆಟ್ಟಿಲು ಮತ್ತು ನೆಲಹಾಸು ನಿರ್ವಹಣಾ ಕಚೇರಿ

ಗೆ:
ಮಾನ್ಯ ವರ್ಗಾವಣಾಧಿಕಾರಿಗಳು
ಕೇಂದ್ರ ಕಚೇರಿ, ಮೇಲಿನ ಮಹಡಿ

ವಿಷಯ: ಟಪಾಲು ಗುಮಾಸ್ತರನ್ನು ದೂರದ ಶಾಖೆಗೆ ವರ್ಗಾಯಿಸಿರುವ ಆದೇಶವನ್ನು ರದ್ದುಪಡಿಸುವ ಬಗ್ಗೆ; ಹಾಗೂ ಯುಕುಲೇಲೆ ಜಾರುವುದೇ ಬೇರೆ, ಜಾರಿಯಾಗುವುದೇ ಬೇರೆ ಎಂಬುದನ್ನು ತಮಗೆ ತಿಳಿಸುವ ಬಗ್ಗೆ. (ಈ ವಿಷಯವನ್ನು ದಯವಿಟ್ಟು ಯಾರೂ ಚಿಕ್ಕದು ಮಾಡಬಾರದು.)

ಉಲ್ಲೇಖ:
1. ಹಳೆಯ ರಬ್ಬರ್ ಚಾಪೆಯ ಒಂದು ತುಂಡನ್ನು ಕೋರಿ ಟಪಾಲು ಗುಮಾಸ್ತರು ಸಲ್ಲಿಸಿದ ಅರ್ಜಿ.
2. ಯುಕುಲೇಲೆಯನ್ನು ತಕ್ಷಣದಿಂದ ಜಾರಿಗೆ ತರತಕ್ಕದ್ದೆಂಬ ತಮ್ಮ ಸುತ್ತೋಲೆ.
3. ಅರ್ಜಿದಾರಳ ತಾಯಿಯವರ ಮೌಖಿಕ ಅಭಿಪ್ರಾಯ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಅರ್ಜಿದಾರಳು ತನ್ನ ಸೇವಾವಧಿಯಲ್ಲಿ ಬೇರೆಯವರ ಅರ್ಜಿಗಳಿಗೆ ಆಕ್ಷೇಪಣೆ ಬರೆದವಳೇ ಹೊರತು ತಾನಾಗಿ ಒಂದು ಅರ್ಜಿ ಬರೆದವಳಲ್ಲ. ರಜೆ ಬೇಕೆನಿಸಿದಾಗಲೂ ಅದು ಯಾಕೆ ಬೇಕೆಂದು ತನಗೇ ಆಕ್ಷೇಪಣೆ ಹಾಕಿಕೊಂಡು ಕಚೇರಿಗೆ ಬಂದಿದ್ದಾಳೆ. ಈಗ ಬರೆಯಲು ಕಾರಣ, ಬರೆಯಬೇಕಾದ ಮನುಷ್ಯ ಬರೆಯುವುದಿಲ್ಲ. ವರ್ಗಾವಣೆಯ ಆದೇಶ ಕೈಗೆ ಬಂದಾಗ ಸದರಿಯವರು ಮಾಡಿದ ಒಂದೇ ಕೆಲಸವೆಂದರೆ, ಲಕೋಟೆಯ ಅಂಟು ಒಂದು ಮೂಲೆಯಲ್ಲಿ ಬಿಟ್ಟಿದೆಯೆಂದು ಅದನ್ನು ಉಗುರಿನಿಂದ ಒತ್ತಿ ಸರಿಮಾಡಿದ್ದು. ಆದ್ದರಿಂದ ಅವರ ಪರವಾಗಿ ಈ ಕೆಳಗಿನ ಅಂಶಗಳನ್ನು ಸಲ್ಲಿಸಲಾಗಿದೆ.

1. ಸದರಿ ಟಪಾಲು ಗುಮಾಸ್ತರ ಗುಣನಡತೆ ಕುರಿತು: ಬಾಯಿದ್ದವನು ಬರದಲ್ಲೂ ಬದುಕಿದ ಎನ್ನುತ್ತಾರೆ. ಇವರು ಸುಗ್ಗಿಯಲ್ಲೂ ಉಪವಾಸ ಬೀಳುವ ಪೈಕಿ. ಕ್ಯಾಂಟೀನಿನಲ್ಲಿ ಟೀ ಕೇಳಿದರೆ ಕಾಫಿ ಬರುತ್ತದೆ, ಕುಡಿದು ಲೋಟ ಇಟ್ಟು ಬರುತ್ತಾರೆ. ಇವರ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ ಗುರುತಿನ ಚೀಟಿ ಬಂದಾಗ, ಚೀಟಿಯನ್ನು ತಿದ್ದಿಸುವ ಬದಲು ಸಹಿಯನ್ನೇ ಬದಲಾಯಿಸಿಕೊಂಡ ಪುಣ್ಯಾತ್ಮರು.

ಇಂಥವರು ಪ್ರತಿ ಮಧ್ಯಾಹ್ನ ಲೆಕ್ಕಪತ್ರ ಶಾಖೆಗೆ ಟಪಾಲು ತಂದು, ಸಹಿ ಹಾಕಿಸಿಕೊಂಡ ಮೇಲೂ ಅರ್ಜಿದಾರಳ ಮೇಜಿನ ಮುಂದೆ ನಿಂತೇ ಇರುತ್ತಿದ್ದರು. ಫ್ಯಾನಿನ ಗಾಳಿಗೆ ನಿಂತಿದ್ದಾರೆ ಎಂದು ಅರ್ಜಿದಾರಳು ತಿಳಿದಿದ್ದಳು. ಫ್ಯಾನ್ ಕೆಟ್ಟುಹೋದ ವಾರವೂ ನಿಂತರು. ಕೊನೆಗೆ ಒಂದು ದಿನ ಅರ್ಜಿದಾರಳಿಗೆ ರೇಗಿತು.

“ಏನಾದ್ರೂ ಹೇಳೋದಿದೆಯಾ?”

“ಇದೆ.”

“ಹೇಳಿ ಮತ್ತೆ.”

ಅವರು ಟಪಾಲು ಚೀಲದ ಪಟ್ಟಿಯನ್ನು ತಿರುಚುತ್ತ ನಿಂತರು.

“ಮಾತಾಡೋಕೆ ಆಗದಿದ್ರೆ ಹಾಡಿ ತೋರ್ಸಿ. ನನಗೆ ತಿಂಗಳ ಲೆಕ್ಕ ಮುಗಿಸೋದಿದೆ.”

ಇದು ಕುಹಕ ಎಂದು ಕಚೇರಿಯ ಬೆಕ್ಕಿಗೂ ತಿಳಿಯುತ್ತಿತ್ತು. ಸದರಿಯವರು ಅದನ್ನು ಆದೇಶವೆಂದು ಸ್ವೀಕರಿಸಿದರು. ಮುಂದಿನ ವಾರ ಅವರ ಟಪಾಲು ಚೀಲದೊಳಗಿಂದ ಒಂದು ಯುಕುಲೇಲೆ ಕತ್ತು ಹೊರಗೆ ಹಾಕಿ ನೋಡುತ್ತಿತ್ತು.

2. ಯುಕುಲೇಲೆ ಎಂದರೇನು ಎಂಬ ಬಗ್ಗೆ: ತಾವು ಅದನ್ನು ಈಗಾಗಲೇ ಜಾರಿಗೆ ತಂದಿರುವುದರಿಂದ ಅದು ಏನೆಂದು ತಿಳಿದಿದ್ದರೆ ಒಳ್ಳೆಯದು. ಅದು ನಾಲ್ಕು ತಂತಿಯ ಪುಟ್ಟ ವಾದ್ಯ. ಗಿಟಾರು ಮಳೆಯಲ್ಲಿ ನೆನೆದು ಕುಗ್ಗಿದಂತೆ ಕಾಣುತ್ತದೆ. ಬಲ ಮುಂಗೈಯಿಂದ ಅದರ ಒಡಲನ್ನು ಎದೆಗೆ ಒತ್ತಿ, ಎಡಗೈಯ ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ ಕತ್ತನ್ನು ಕೂರಿಸಿಕೊಂಡು ನುಡಿಸಬೇಕು. ಜಾಸ್ತಿ ಒತ್ತಿದರೆ ನಾದಕ್ಕೆ ಉಸಿರುಕಟ್ಟುತ್ತದೆ. ಕಡಿಮೆ ಒತ್ತಿದರೆ ವಾದ್ಯ ಮಡಿಲಿಗೆ ಬರುತ್ತದೆ. ಹೆಗಲಿಗೆ ಪಟ್ಟಿ ಹಾಕಬಹುದು, ಆದರೆ ಅದಕ್ಕೆ ಮರಕ್ಕೊಂದು ತೂತು ಕೊರೆಯಬೇಕು ಎಂದು ಅಂಗಡಿಯವನು ಹೇಳಿದನಂತೆ. ಸದರಿಯವರು ಮಗುವಿಗೆ ಸೂಜಿ ಚುಚ್ಚುತ್ತಾರೆ ಎಂದು ಕೇಳಿದವರ ಹಾಗೆ ವಾದ್ಯವನ್ನು ಅಪ್ಪಿಕೊಂಡು ಅಂಗಡಿಯಿಂದ ಓಡಿ ಬಂದರು.

ಊಟದ ವಿರಾಮದಲ್ಲಿ ಹಳೆಯ ಕಡತಗಳ ಕೋಣೆಯಲ್ಲಿ ಕುಳಿತು ಅಭ್ಯಾಸ ಶುರುವಾಯಿತು. ಅರ್ಜಿದಾರಳನ್ನು ಕರೆದು ಎದುರಿಗೆ ಸ್ಟೂಲ್ ಹಾಕಿ ಕೂರಿಸಿದರು. ಹಾಡಿನ ಮೊದಲ ಸಾಲು ಚೆನ್ನಾಗಿಯೇ ಬಂತು. ಎರಡನೆಯ ಸಾಲಿಗೆ ಕೈ ಬದಲಾಯಿಸುವಷ್ಟರಲ್ಲಿ ಯುಕುಲೇಲೆ ಅಂಗಿಯ ಮೇಲಿಂದ ಸರ್ರನೆ ಜಾರಿ ಮೊಣಕಾಲಿಗೆ ಬಂದು, ಅಲ್ಲಿಂದ ನೆಲಕ್ಕೆ ಇಳಿಯಿತು. ಮರುದಿನವೂ ಅದೇ. ಅದರ ಮರುದಿನವೂ ಅದೇ ಸಾಲಿನಲ್ಲಿ. ಅವರು ಏನು ಹೇಳಬೇಕೆಂದಿದ್ದರೋ ಅದು ಪೂರ್ತಿ ಹಾಡು ಮುಗಿದ ಮೇಲೆ ಬರುವುದಿತ್ತು. ಅದನ್ನು ಕೇಳಲು ಅರ್ಜಿದಾರಳು, ಹೇಳಲು ನಾಚಿಕೆಯಾದರೂ, ದಿನವೂ ಹೋಗಿ ಕೂರುತ್ತಿದ್ದಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸದರಿಯವರು ಅಂಗಿ ನುಣುಪು ಎಂದರು. ಇದರಲ್ಲಿ ಅರ್ಧ ನಿಜವಿತ್ತು, ಏಕೆಂದರೆ ಕಚೇರಿ ಒದಗಿಸಿದ ಸಮವಸ್ತ್ರದ ಬಟ್ಟೆಯ ಮೇಲೆ ನೊಣ ಕೂತರೂ ಜಾರುತ್ತದೆ. ಕಡತ ಕಟ್ಟುವ ಟ್ಯಾಗುಗಳನ್ನು ಒಂದಕ್ಕೊಂದು ಗಂಟು ಹಾಕಿ ಕೊರಳಿಗೆ ತೂಗುಹಾಕಿ ನೋಡಲಾಯಿತು. ವಾದ್ಯ ನಿಂತಿತು, ಆದರೆ ಸದರಿಯವರು ವಿಲೇವಾರಿಯಾದ ಕಡತದಂತೆ ಕಾಣುತ್ತಿದ್ದರು, ಮುಖವೂ ಕೆಂಪಗಾಗುತ್ತಿತ್ತು. ಲಕೋಟೆಗೆ ಮೊಹರು ಹಾಕುವ ಅರಗನ್ನು ವಾದ್ಯದ ಬೆನ್ನಿಗೆ ಮೆತ್ತಿ ನೋಡಲಾಯಿತು. ಆ ದಿನ ಅವರು ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಟಪಾಲು ಹಂಚಿದ್ದನ್ನು ತಾವು ಬೇರೆ ಮೂಲಗಳಿಂದ ಕೇಳಿರಬಹುದು. ನಮ್ಮ ಅಧೀಕ್ಷಕರು ಒಮ್ಮೆ ಕುತೂಹಲಕ್ಕೆ ಅದನ್ನು ಎತ್ತಿಕೊಂಡಾಗ ಅವರ ಹೊಟ್ಟೆಯ ಮೇಲೆ ಯುಕುಲೇಲೆ ಕಪಾಟಿನಲ್ಲಿಟ್ಟಂತೆ ಕೂತಿತು. “ಅನುಭವ ಬೇಕಪ್ಪ ಇದಕ್ಕೆಲ್ಲ,” ಎಂದು ಅವರು ಹೊಟ್ಟೆ ತಟ್ಟಿಕೊಂಡರು. ಅಂಥ ಅನುಭವ ಬೆಳೆಸಿಕೊಳ್ಳುವಷ್ಟು ಕಾಲ ಕಾಯಲು ಅರ್ಜಿದಾರಳಿಗೆ ಸಾಧ್ಯವಿರಲಿಲ್ಲ.

3. ಮೊದಲ ಅರ್ಜಿಯ ಬಗ್ಗೆ: ಜನ ಮೆಟ್ಟಿಲ ಮೇಲೆ ಜಾರದಂತೆ ರಬ್ಬರ್ ಚಾಪೆ ಹಾಸುವುದೇ ನಮ್ಮ ಕಚೇರಿಯ ಕೆಲಸವಾದ್ದರಿಂದ, ಗೋದಾಮಿನಲ್ಲಿ ಬಿದ್ದಿರುವ ಹಳೆಯ ಚಾಪೆಯಿಂದ ಅಂಗೈಯಗಲ ತುಂಡು ಕೊಟ್ಟರೆ ವಾದ್ಯದ ಬೆನ್ನಿಗೆ ಅಂಟಿಸಿಕೊಳ್ಳುವುದಾಗಿ ಸದರಿಯವರು ಅರ್ಜಿ ಕೊಟ್ಟರು. ಬಾಯಲ್ಲಿ ಕೇಳಿದ್ದರೆ ಗೋದಾಮಿನವರು ಇಡೀ ಚಾಪೆಯನ್ನೇ ಹೊರಿಸಿ ಕಳಿಸುತ್ತಿದ್ದರು. ಆದರೆ ಬಾಯಿಯ ವಿಷಯ ಮೇಲೆ ಅಂಶ 1ರಲ್ಲಿ ಬಂದಿದೆ. ಅರ್ಜಿಯ ವಿಷಯ ಹೀಗಿತ್ತು: ‘ನುಡಿಸುವಾಗ ಯುಕುಲೇಲೆ ಜಾರಿ ಬೀಳುತ್ತಿರುವ ಬಗ್ಗೆ.’

ಒಳಬರುವ ಪತ್ರಗಳನ್ನು ವಹಿಗೆ ಏರಿಸುವ ನಮ್ಮ ಗುಮಾಸ್ತರಿಗೆ ‘ಕತ್ತರಿ’ ಎಂಬ ಹೆಸರಿದೆ. ವಹಿಯಲ್ಲಿ ವಿಷಯದ ಕಲಂ ಚಿಕ್ಕದಾದ ಕಾರಣ ಎಂಥ ವಿಷಯವನ್ನೂ ಅವರು ಮೂರು ಪದಕ್ಕೆ ಇಳಿಸುತ್ತಾರೆ. ‘ಮೂರನೇ ಮೆಟ್ಟಿಲು ಮುರಿದು ವೃದ್ಧೆಯೊಬ್ಬರ ಕಾಲು ಉಳುಕಿದ ಬಗ್ಗೆ’ ಎಂದು ದೂರು ಬಂದರೆ ಇವರ ವಹಿಯಲ್ಲಿ ‘ವೃದ್ಧೆ ಮುರಿದ ಬಗ್ಗೆ’ ಎಂದಾಗುತ್ತದೆ. ಸದರಿ ಅರ್ಜಿಯನ್ನು ಅವರು ಹೀಗೆ ಏರಿಸಿದರು: ‘ಯುಕುಲೇಲೆ ಜಾರಿ ಬಗ್ಗೆ.’

ಅರ್ಜಿದಾರಳು ನಂತರ ಹೋಗಿ ಜಗಳ ತೆಗೆದಾಗ ಅವರು ಹೇಳಿದ್ದು ಇಷ್ಟೇ:

“ಮೇಡಂ, ನಾನೇನೂ ಸೇರಿಸಿಲ್ಲ. ಬೀಳೋದನ್ನ ಬಿಟ್ಟಿದ್ದೀನಿ ಅಷ್ಟೇ.”

4. ಆ ಮೂರು ಪದಗಳು ತಮ್ಮ ಮಹಡಿಗೆ ಏರಿ ಬಂದಾಗ ಆದದ್ದು ತಮಗೆ ಗೊತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ತಮ್ಮ ಕಚೇರಿ ಕಟ್ಟಿದ್ದಲ್ಲದೆ ಕರುವಿಗೆ ಮೇವು ಹಾಕುವ ಸುತ್ತೋಲೆಯನ್ನೂ ಹೊರಡಿಸಿತು. ‘ಎಲ್ಲ ಶಾಖೆಗಳೂ ಯುಕುಲೇಲೆಯನ್ನು ತಕ್ಷಣದಿಂದ ಜಾರಿಗೆ ತರತಕ್ಕದ್ದು; ತಪ್ಪಿದಲ್ಲಿ ಸಂಬಂಧಪಟ್ಟವರನ್ನೇ ಹೊಣೆ ಮಾಡಲಾಗುವುದು.’ ಯುಕುಲೇಲೆ ಏನೆಂದು ಯಾರೂ ಕೇಳಲಿಲ್ಲ. ಕೇಳಿದರೆ ತನಗೊಬ್ಬನಿಗೇ ಗೊತ್ತಿಲ್ಲವೆಂದು ಬಯಲಾಗುತ್ತದಲ್ಲ. ತಿಂಗಳುಗಟ್ಟಲೆ ಅದನ್ನು ಕಣ್ಣಾರೆ ನೋಡಿ, ಹೊಟ್ಟೆಯ ಮೇಲೂ ಇಟ್ಟುಕೊಂಡಿದ್ದ ಅಧೀಕ್ಷಕರೇ “ಅದು ಬೇರೆ, ಇದು ಬೇರೆ ಇರ್ಬೇಕು” ಎಂದರು. ನೆಲಹಾಸು ವಿಭಾಗದವರು ಅದು ಹೊಸ ಬಗೆಯ ನೆಲ ಒರೆಸುವ ದ್ರಾವಣವೆಂದು ನಂಬಿ, ಅದರಿಂದ ಮೊದಲಿಗಿಂತ ಹೊಳಪು ಬಂದಿದೆಯೆಂದು ವರದಿಯನ್ನೂ ಕಳಿಸಿದರು.

ತರುವಾಯ ತಮ್ಮ ತಪಾಸಣಾಧಿಕಾರಿಗಳು ಬಂದರು. ಕನ್ನಡಕವನ್ನು ಹಣೆಗೇರಿಸಿ, ಪಟ್ಟಿ ಹಿಡಿದು, ಎದುರಿಗೆ ಸಿಕ್ಕ ಟಪಾಲು ಗುಮಾಸ್ತರನ್ನೇ ಕೇಳಿದರು:

“ಏನ್ರೀ, ನಿಮ್ಮಲ್ಲಿ ಯುಕುಲೇಲೆ ಜಾರಿ ಆಗಿದೆಯಾ?”

ಸುಳ್ಳು ಹೇಳಲು ಬಾರದ ಸದರಿಯವರು ತಲೆ ತಗ್ಗಿಸಿ ಒಪ್ಪಿಕೊಂಡರು. “ಆಗ್ತಾನೇ ಇದೆ ಸಾರ್.”

“ಯಾವಾಗಿಂದ?”

“ತಂದ ದಿನದಿಂದಾನೂ.”

“ದಿನಾ ಆಗ್ತಿದೆಯಾ?”

“ದಿನಾ ಎರಡು ಮೂರು ಸಲ ಆಗುತ್ತೆ ಸಾರ್. ಏನ್ ಮಾಡಿದ್ರೂ ನಿಲ್ತಿಲ್ಲ.”

ತಪಾಸಣಾಧಿಕಾರಿಗಳು ಇಷ್ಟು ಪ್ರಾಮಾಣಿಕ ನೌಕರನನ್ನು ಕಂಡಿರಲಿಲ್ಲವಂತೆ. ‘ಈ ಕಚೇರಿಯಲ್ಲಿ ಯುಕುಲೇಲೆಯು ದಿನಕ್ಕೆ ಎರಡು ಮೂರು ಬಾರಿ ಜಾರಿಯಾಗುತ್ತಿದ್ದು, ಏನು ಮಾಡಿದರೂ ನಿಲ್ಲುತ್ತಿಲ್ಲ, ಶ್ಲಾಘನೀಯ’ ಎಂದು ಬರೆದುಕೊಂಡು, ಸದರಿಯವರ ಕೈ ಕುಲುಕಿ ಹೋದರು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎನ್ನುವುದನ್ನು ಅರ್ಜಿದಾರಳು ಗಾದೆಯಲ್ಲಿ ಕೇಳಿದ್ದಳು, ಕಡತದಲ್ಲಿ ನೋಡಿದ್ದು ಇದೇ ಮೊದಲು.

5. ಅರ್ಜಿದಾರಳ ತಾಯಿಯವರ ಬಗ್ಗೆ: ಈ ನಡುವೆ ಒಂದು ಭಾನುವಾರ ಸದರಿಯವರನ್ನು ಮನೆಗೆ ಕರೆಯಲಾಗಿತ್ತು. ಮಗಳ ಮದುವೆಯ ವಯಸ್ಸು ಮೀರಿತೆಂದು ಊರೆಲ್ಲ ಹೇಳಿದರೂ, ಬಂದ ಗಂಡುಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಐಬು ಹುಡುಕಿ ಹಿಂದಕ್ಕೆ ಕಳಿಸಿದವರು ಅರ್ಜಿದಾರಳ ತಾಯಿಯೇ. ಆಕ್ಷೇಪಣೆಯ ವಿದ್ಯೆ ಅರ್ಜಿದಾರಳಿಗೆ ಕಚೇರಿಯಲ್ಲಿ ಬಂದದ್ದಲ್ಲ, ತಾಯಿಯ ಬಳುವಳಿ.

ಸದರಿಯವರು ಬೆತ್ತದ ಕುರ್ಚಿಯ ತುದಿಯಲ್ಲಿ ಕುಳಿತರು. ತಾಯಿಯವರು ಏನು ಕೇಳಿದರೂ “ಹೌದು” ಎಂದರು. “ಏನೋ ಬಾರಿಸ್ತೀರಂತಲ್ಲ” ಎಂದಾಗ ಯುಕುಲೇಲೆ ಹೊರಬಂತು. ಅರ್ಜಿದಾರಳು ಬಿಸ್ಕತ್ತಿನ ತಟ್ಟೆ ಹಿಡಿದು ಎದುರಿಗೆ ಬಂದು ನಿಂತಳು. ಎರಡನೆಯ ಸಾಲಿಗೆ ವಾದ್ಯ ಜಾರಿ ಟೀ ತಟ್ಟೆಯೊಳಗೆ ಬಿತ್ತು, ಲೋಟ ಉರುಳಿತು, ತಾಯಿಯವರ ಸೀರೆಗೂ ಒಂದಿಷ್ಟು ಹಂಚಿಕೆಯಾಯಿತು.

ಅವರು ಹೋದ ಮೇಲೆ ತಾಯಿಯವರು ಸೆರಗು ಹಿಂಡುತ್ತ ನೀಡಿದ ಅಭಿಪ್ರಾಯ ಹೀಗಿದೆ:

“ಒಳ್ಳೇವನೇ ಕಣೇ, ಇಲ್ಲ ಅನ್ನಲ್ಲ. ಆದ್ರೆ ಒಂದು ಆಟದ ಸಾಮಾನು ಹಿಡ್ಕೊಳ್ಳೋಕೆ ಬರಲ್ಲ ಅವನಿಗೆ. ಸಂಸಾರ ಹೇಗೆ ಹಿಡ್ಕೋತಾನೆ? ಮೊದಲು ಅದನ್ನ ಬೀಳಿಸದೆ ಒಂದು ಹಾಡು ಬಾರಿಸಲಿ. ಆಮೇಲೆ ಮಾತಾಡೋಣ.”

ಅರ್ಜಿದಾರಳು ಆ ರಾತ್ರಿ ಊಟ ಮಾಡಲಿಲ್ಲ. ಇದನ್ನು ಯಾಕೆ ನಮೂದಿಸಲಾಗಿದೆ ಎಂದರೆ, ಅರ್ಜಿದಾರಳು ಸಾಮಾನ್ಯವಾಗಿ ಊಟ ಬಿಡುವವಳಲ್ಲ.

6. ಜಾರುವಿಕೆಯ ಕಾರಣದ ಬಗ್ಗೆ: ಲೆಕ್ಕ ತಾಳೆಯಾಗದಿದ್ದರೆ ಒಂದೊಂದೇ ಬಾಬ್ತನ್ನು ತೆಗೆದು ನೋಡುವುದು ಅರ್ಜಿದಾರಳ ಪದ್ಧತಿ. ಸಮವಸ್ತ್ರ ತೆಗೆಸಿ ಒರಟು ಬಟ್ಟೆಯ ಅಂಗಿ ಹಾಕಿಸಿದಳು, ಜಾರಿತು. ಕುರ್ಚಿ ಬದಲಾಯಿಸಿದಳು, ಜಾರಿತು. ಕಾಲ ಕೆಳಗೆ ದಪ್ಪ ಕಡತಗಳನ್ನಿಟ್ಟು ಮೊಣಕಾಲು ಎತ್ತರಿಸಿದಳು. ಇನ್ನೂ ಎತ್ತರದಿಂದ ಜಾರಿತು. ಬೇಸತ್ತು ಕಡತಗಳ ಕೋಣೆಯಿಂದ ಹೊರಗೆ ಬಂದು ಬಾಗಿಲು ಹಾಕಿಕೊಂಡು ಪಡಸಾಲೆಯಲ್ಲಿ ನಿಂತಳು. ಒಳಗಿನಿಂದ ಹಾಡು ಕೇಳಿತು. ಮೊದಲ ಸಾಲು, ಎರಡನೆಯ ಸಾಲು, ಮೂರನೆಯದು, ಪೂರ್ತಿ ಹಾಡು.

ಬಾಗಿಲು ತೆರೆದಳು. ಬಿತ್ತು.

ಮತ್ತೆ ಮುಚ್ಚಿದಳು. ನುಡಿಯಿತು. ತೆರೆದಳು. ಬಿತ್ತು. ಹೀಗೆ ಕೆಲವು ಸಲ ತೆರೆದು ಮುಚ್ಚಿ ಖಾತ್ರಿಪಡಿಸಿಕೊಂಡ ಮೇಲೆ, ಜಾರುವುದಕ್ಕೆ ಅಂಗಿಯೂ ಕಾರಣವಲ್ಲ, ಕುರ್ಚಿಯೂ ಕಾರಣವಲ್ಲ, ಅರ್ಜಿದಾರಳೇ ಕಾರಣ ಎಂಬುದು ದೃಢಪಟ್ಟಿತು.

“ನನ್ನ ನೋಡಿದ್ರೆ ಯಾಕ್ರೀ ಕೈ ಬಿಡ್ತೀರಾ?” ಎಂದು ಕೇಳಿದಳು.

ಸದರಿಯವರು ನೆಲದ ಮೇಲಿದ್ದ ಯುಕುಲೇಲೆಯನ್ನು ಎತ್ತಿ, ತೋಳಿನಿಂದ ಧೂಳು ಒರೆಸಿ, ತಾವು ಆಡಿದ ಮಾತುಗಳಲ್ಲೆಲ್ಲ ಅತಿ ಉದ್ದದ್ದನ್ನು ಆಡಿದರು.

“ನಾನು ಕೈ ಬಿಡಲ್ಲ ಮೇಡಂ. ನೀವು ಎದುರಿಗಿದ್ರೆ ಕೈ ಬೆವರುತ್ತೆ.”

ಆಗ ಅರ್ಜಿದಾರಳಿಗೆ ಆದದ್ದನ್ನು ಕಚೇರಿ ಭಾಷೆಯಲ್ಲಿ ಬರೆಯುವ ಕ್ರಮ ಗೊತ್ತಿಲ್ಲದ ಕಾರಣ ನೇರವಾಗಿ ಬರೆಯುತ್ತಿದ್ದಾಳೆ: ತುಂಬ ಸಂತೋಷವಾಯಿತು. ಇಷ್ಟು ವರ್ಷ ಜನ ತನ್ನನ್ನು ಕಂಡು ಬೆವರಿದ್ದು ಬಿಲ್ಲು ವಾಪಸಾಗುತ್ತದೆಂಬ ಭಯಕ್ಕೆ.

ಪರಿಹಾರ ಸುಲಭವಾಗಿತ್ತು. ಎದುರಿಗೆ ಕೂರುವುದು ಬೇಡವೆಂದು ಅರ್ಜಿದಾರಳು ಸ್ಟೂಲನ್ನು ಎಳೆದು ಅವರ ಎಡಕ್ಕೆ ಹಾಕಿಕೊಂಡು, ಇಬ್ಬರೂ ಒಂದೇ ಗೋಡೆಯನ್ನು ನೋಡುವಂತೆ ಕುಳಿತಳು. ಯುಕುಲೇಲೆಯ ತಲೆಯ ತುದಿ ಅವಳ ಭುಜಕ್ಕೆ ಆನಿಕೊಂಡಿತು. ಎಡಗೈಯ ಮೇಲಿನ ಭಾರ ಇಳಿಯಿತು, ಬೆರಳು ಬೇಕಾದಲ್ಲಿ ಓಡಾಡಿದವು, ವಾದ್ಯ ಅಲುಗಾಡಲಿಲ್ಲ. ತಂತಿಗಳ ಕಂಪನ ಭುಜದ ಮೂಳೆಯೊಳಗೆ ಇಳಿಯುತ್ತದೆ, ಕಚಗುಳಿಯಾಗುತ್ತದೆ, ಆದರೂ ನಗಬಾರದು.

7. ಮುಂದಿನ ಭಾನುವಾರ ಇದೇ ಕ್ರಮದಲ್ಲಿ ತಾಯಿಯವರ ಮುಂದೆ ಹಾಡು ಪೂರ್ತಿಯಾಯಿತು. ತಾಯಿಯವರು ಟೀ ತಟ್ಟೆಯನ್ನು ಮೊದಲೇ ದೂರ ಇಟ್ಟುಕೊಂಡಿದ್ದರು.

“ಅವನೆಲ್ಲಿ ಹಿಡ್ಕೊಂಡ? ನೀನಲ್ವಾ ಹಿಡ್ಕೊಂಡಿದ್ದು?” ಎಂದರು.

“ಇಬ್ರೂ ಹಿಡ್ಕೊಂಡ್ವಿ ಅಮ್ಮ.”

ತಾಯಿಯವರು ಇಬ್ಬರನ್ನೂ, ನಡುವೆ ಇದ್ದ ಯುಕುಲೇಲೆಯನ್ನೂ ಒಂದು ಗಳಿಗೆ ನೋಡಿದರು. ಹುಡುಕಿದರೂ ಐಬು ಸಿಗಲಿಲ್ಲವೆಂದು ಕಾಣುತ್ತದೆ.

“ಹಂಗಾದ್ರೆ ಬೀಳಲ್ಲ ಬಿಡು. ಊಟಕ್ಕೆ ನಿಲ್ಲೋಕೆ ಹೇಳು,” ಎಂದು ಅಡುಗೆಮನೆಗೆ ಹೋದರು.

8. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಬಗ್ಗೆ: ಸೋಮವಾರ ಸದರಿಯವರು ಟಪಾಲು ತರದೆ ಬರಿಗೈಯಲ್ಲಿ ಅರ್ಜಿದಾರಳ ಮೇಜಿನ ಮುಂದೆ ಬಂದು ನಿಂತರು. ತಲೆ ಬಾಚಿದ್ದರು. “ನಾನು ಒಂದು ವಿಷಯ…” ಎಂಬಲ್ಲಿಗೆ ಬಂದಿದ್ದರು. ಅಷ್ಟರಲ್ಲಿ ಕತ್ತರಿಯವರು ಮೇಲಿನ ಮಹಡಿಯಿಂದ ಬಂದ ತಮ್ಮ ಆದೇಶದ ಲಕೋಟೆ ತಂದು ಮೇಜಿನ ಮೇಲಿಟ್ಟರು. ಅವರ ಜನ್ಮವೇ ಮಾತು ಕತ್ತರಿಸುವುದಕ್ಕೆ ಆದದ್ದು.

‘ಯುಕುಲೇಲೆ ಜಾರಿಯಲ್ಲಿ ತೋರಿದ ಅಸಾಧಾರಣ ಸಾಧನೆಯನ್ನು ಪರಿಗಣಿಸಿ, ಇದುವರೆಗೂ ಏನೊಂದೂ ಜಾರಿಯಾಗದ ದೂರದ ಶಾಖೆಗೆ ಇವರನ್ನು ವರ್ಗಾಯಿಸಲಾಗಿದೆ’ ಎಂದಿತ್ತು. ಆ ಶಾಖೆಗೆ ರೈಲು ಇಳಿದು ಬಸ್ಸು ಹತ್ತಬೇಕು, ಬಸ್ಸು ಇಳಿದು ದೋಣಿ ಹತ್ತಬೇಕು. ಅಲ್ಲಿ ಮೆಟ್ಟಿಲೇ ಇಲ್ಲ ಎಂದೂ ಕೇಳಿದ್ದೇವೆ.

“ಹೋಗ್ಬೇಕಲ್ಲ. ಆದೇಶ,” ಎಂದರು ಸದರಿಯವರು.

“ಆಕ್ಷೇಪಣೆ ಹಾಕ್ರೀ.”

“ನನಗೆ ಬರಲ್ಲ.”

“ಹೋಗೋಕೆ ಇಷ್ಟ ಇದೆಯಾ?”

ಅವರು ತಲೆಯಾಡಿಸಿದರು. ಅಡ್ಡಡ್ಡವಾಗಿ. ಆಮೇಲೆ ಆದೇಶವನ್ನು ಲಕೋಟೆಗೆ ಹಾಕಿ, ಅಂಟು ಬಿಟ್ಟ ಮೂಲೆಯನ್ನು ಒತ್ತಿ ಜೇಬಿನಲ್ಲಿಟ್ಟುಕೊಂಡು, ಹೇಳಲು ಬಂದದ್ದನ್ನು ಹೇಳದೆ, ಮಿಕ್ಕ ಟಪಾಲು ಹಂಚಲು ಹೋದರು. ಅರ್ಜಿದಾರಳು ತಿಂಗಳ ಲೆಕ್ಕ ತೆಗೆದು ಕುಳಿತಳು. ಅಂಕಿಗಳು ಕಾಣಿಸಲಿಲ್ಲ. ಕಚೇರಿಯಲ್ಲಿ ಅಳಬಾರದೆಂದು ನಿಯಮವೇನೂ ಇಲ್ಲವೆಂಬುದನ್ನು ಅರ್ಜಿದಾರಳು ನಿಯಮ ಪುಸ್ತಕದಲ್ಲಿ ಪರಿಶೀಲಿಸಿದ್ದಾಳೆ.

9. ಮೇಲ್ಕಂಡ ಕಾರಣಗಳಿಂದ ತಮ್ಮ ಆದೇಶಕ್ಕೆ ಅರ್ಜಿದಾರಳ ಆಕ್ಷೇಪಣೆಗಳು:

(ಅ) ಯುಕುಲೇಲೆ ಈಗ ಜಾರುತ್ತಿಲ್ಲ. ತಮ್ಮದೇ ಸುತ್ತೋಲೆಯ ಅರ್ಥದಲ್ಲಿ ನೋಡಿದರೆ ಜಾರಿ ಸಂಪೂರ್ಣವಾಗಿ ನಿಂತುಹೋಗಿದೆ. ಆದ್ದರಿಂದ ಸದರಿಯವರ ಸಾಧನೆ ರದ್ದಾಗಿದ್ದು, ಅದರ ಮೇಲೆ ನಿಂತ ವರ್ಗಾವಣೆಯೂ ರದ್ದಾಗಬೇಕು.

(ಆ) ಜಾರದಂತೆ ತಡೆಯುವ ಏಕೈಕ ಸಾಧನವು ಲೆಕ್ಕಪತ್ರ ಶಾಖೆಯ ಸಹಾಯಕಿಯೊಬ್ಬಳ ಬಲ ಭುಜವಾಗಿರುತ್ತದೆ. ಸದರಿ ಭುಜವನ್ನು ಬಿಚ್ಚಿ ಪಾರ್ಸೆಲ್ ಮಾಡಲು ಬರುವುದಿಲ್ಲ. ಅದು ಬರುವುದಾದರೆ ಇಡಿಯಾಗಿಯೇ ಬರಬೇಕು, ಆಗ ಇಲ್ಲಿನ ಲೆಕ್ಕಪತ್ರಗಳಿಗೆ ಯಾರು ಆಕ್ಷೇಪಣೆ ಹಾಕುತ್ತಾರೆಂಬುದನ್ನು ತಾವು ಯೋಚಿಸಬೇಕು.

(ಇ) ಇನ್ನೊಬ್ಬ ನೌಕರನ ವರ್ಗಾವಣೆಯ ವಿರುದ್ಧ ಅರ್ಜಿ ಸಲ್ಲಿಸಲು ಗಂಡ ಅಥವಾ ಹೆಂಡತಿಗೆ ಮಾತ್ರ ಅವಕಾಶವಿದೆ ಎಂದು ನಿಯಮ ಹೇಳುತ್ತದೆ. ಅಕ್ಕತಂಗಿಯರು, ಸ್ನೇಹಿತರು, ಹಿತೈಷಿಗಳು ಇಂಥ ಅರ್ಜಿ ಕೊಟ್ಟಾಗಲೆಲ್ಲ ‘ಸಂಬಂಧ ಸಿಂಧುವಲ್ಲ’ ಎಂದು ಬರೆದು ಹಿಂದಿರುಗಿಸಿದವಳು ಅರ್ಜಿದಾರಳೇ. ಆದಕಾರಣ, ತಾವು ಕೇಳುವ ಮೊದಲೇ ಈ ಅರ್ಜಿಗೆ ತಾನೇ ಆಕ್ಷೇಪಣೆ ಹಾಕುತ್ತಿದ್ದಾಳೆ: ಸಂಬಂಧ ನಮೂದಿಸಿಲ್ಲ. ಆ ಜಾಗವನ್ನು ಕೆಳಗೆ ಖಾಲಿ ಬಿಡಲಾಗಿದೆ. ಅದು ಒಬ್ಬರೇ ತುಂಬುವಂಥದ್ದಲ್ಲ.

ಆದ್ದರಿಂದ ತಾವು ಸದರಿ ಆದೇಶವನ್ನು ಹಿಂಪಡೆದು, ಟಪಾಲು ಗುಮಾಸ್ತರನ್ನು ಈಗಿರುವ ಕಚೇರಿಯಲ್ಲಿ, ಈಗಿರುವ ಸ್ಟೂಲಿನ ಬಲಕ್ಕೆ, ಮುಂದುವರಿಸಬೇಕೆಂದು ಕೋರಿಕೆ. ಅದಾಗದಿದ್ದಲ್ಲಿ ಅರ್ಜಿದಾರಳನ್ನು ಯುಕುಲೇಲೆಯ ಬಿಡಿಭಾಗವೆಂದು ಪರಿಗಣಿಸಿ ಅದೇ ದೋಣಿಗೆ ಹತ್ತಿಸಬೇಕು.

ಈ ಒಂದು ಅರ್ಜಿಯ ಮಟ್ಟಿಗೆ ತಮ್ಮ ವಿಶ್ವಾಸಿ,

(ಸಹಿ)
ಹಿರಿಯ ಸಹಾಯಕಿ, ಲೆಕ್ಕಪತ್ರ ಶಾಖೆ

ಅರ್ಜಿದಾರಳಿಗೆ ಸದರಿ ನೌಕರರು ಏನಾಗಬೇಕು: ____________________

ಲಗತ್ತುಗಳು:
1. ಅರಗು ಮೆತ್ತಿದ ಸಮವಸ್ತ್ರದ ಅಂಗಿ, ಒಂದು.
2. ‘ಬೀಳೋದನ್ನ ಬಿಟ್ಟಿದ್ದೀನಿ’ ಎಂದು ಒಳಬರುವ ಪತ್ರಗಳ ಗುಮಾಸ್ತರು ಬರೆದುಕೊಟ್ಟ ಹೇಳಿಕೆ.
3. ತಾಯಿಯವರ ಒಪ್ಪಿಗೆ. ಇದು ಬಾಯಿಮಾತಿನದ್ದಾದ ಕಾರಣ ಲಗತ್ತಿಸಲಾಗಿಲ್ಲ. ಬೇಕಿದ್ದಲ್ಲಿ ತಾವೇ ಬಂದು ಕೇಳಬಹುದು, ಆದರೆ ಹುಷಾರಾಗಿ ಬನ್ನಿ.

ಪ್ರತಿ:
ಟಪಾಲು ಗುಮಾಸ್ತರಿಗೆ, ಮಾಹಿತಿಗಾಗಿ ಹಾಗೂ ಅಗತ್ಯ ಕ್ರಮಕ್ಕಾಗಿ. ಈ ಕಚೇರಿಯಿಂದ ಯಾವ ಪತ್ರವೂ ತಮ್ಮ ಕೈ ದಾಟದೆ ಹೊರಗೆ ಹೋಗುವುದಿಲ್ಲವಾದ್ದರಿಂದ, ತಾವು ಇದನ್ನು ಮೇಲಿನವರಿಗಿಂತ ಮೊದಲೇ ಓದಿರುತ್ತೀರಿ. ಖಾಲಿ ಬಿಟ್ಟಿರುವ ಜಾಗವನ್ನು ತಾವು ತುಂಬಿದ ನಂತರವೇ ರವಾನಿಸತಕ್ಕದ್ದು. ಇಂದಿನ ಸಂಜೆಯ ಟಪಾಲಿಗೇ ಹೋಗಲಿ ಎಂದು ಕೋರಿಕೆ.